ಕಾಯುವುದು ದಂಡ

ಮೊನ್ನೆ ನಮ್ಮ ಸೊಸೆ ಹಳೆಯ ಬೀಟೆ ಕುರ್ಚಿಯೊಂದಕ್ಕೆ ಹೊಳಪು ಕೊಡಬೇಕೆಂದು ಅಗಸೆ ಎಣ್ಣೆಯ ಡಬ್ಬಿ ತಂದಳು. ಜಯಲಕ್ಷ್ಮಿಪುರಂನ ನಮ್ಮ ಮನೆಯ ಹಿತ್ತಲ ಜಗುಲಿಯಲ್ಲಿ ಕೂತು, ನನ್ನ ಹಳೆ ಪಂಚೆಯೊಂದನ್ನು ತುಂಡು ತುಂಡು ಹರಿದು, ಮಧ್ಯಾಹ್ನವೆಲ್ಲ ಉಜ್ಜಿದಳು. ಒಳಗೆ ಪೇಪರ್ ಓದುತ್ತಿದ್ದವನಿಗೆ ಆ ವಾಸನೆ ಬಡಿಯಿತು. ಹುರಿದ ಕಾಳಿನಂಥ, ಸ್ವಲ್ಪ ಕಮಟು ಬೆರೆತ ಆ ವಾಸನೆ ಅರವತ್ತು ವರ್ಷ ಕಳೆದರೂ ನನ್ನನ್ನು ಬಿಟ್ಟಿಲ್ಲ. ಎದ್ದು ಬರುವಷ್ಟರಲ್ಲಿ ಸೊಸೆ ಕೆಲಸ ಮುಗಿಸಿ, ಎಣ್ಣೆ ಬಟ್ಟೆಗಳನ್ನೆಲ್ಲ ಮುದ್ದೆ ಮಾಡಿ ಒಂದು ಚೀಲಕ್ಕೆ ತುರುಕಿ, ಸ್ಟೋರ್ ರೂಮಿನ ಮೂಲೆಗೆ ಇಟ್ಟಿದ್ದಳು. ನಾನು ಚೀಲವನ್ನು ಆಚೆ ತಂದು, ಒಂದೊಂದೇ ತುಂಡು ಬಿಡಿಸಿ, ಬಟ್ಟೆ ಒಣಗಿಸುವ ತಂತಿಯ ಮೇಲೆ ಹರವಿದೆ.

"ಯಾಕೆ ಮಾವ? ನಾಳೆ ಎಸೆಯೋ ಬಟ್ಟೆ ಅದು," ಅಂದಳು.

ಕೂತ್ಕೋ, ಹೇಳ್ತೀನಿ ಅಂದೆ. ಅದನ್ನು ಹೇಳಬೇಕಾದರೆ ಒಂದು ವರ್ಷದ ಕಥೆಯನ್ನೇ ಹೇಳಬೇಕು.

ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ನಾನು ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿಕೊಂಡು, ಲಕ್ಷ್ಮೀಪುರಂನ ಒಂದು ವಠಾರದಲ್ಲಿ ಕೋಣೆ ಹಿಡಿದು, ಮೇಟಗಳ್ಳಿ ಕಡೆಯ ಮರಗೆಲಸದ ಕಾರ್ಖಾನೆಗೆ ಸೈಕಲ್ ತುಳಿಯುತ್ತಿದ್ದೆ. ಮೇಟಗಳ್ಳಿ ಆಗಿನ್ನೂ ಹಳ್ಳಿಯೇ. ಕೆ.ಆರ್.ಎಸ್. ರಸ್ತೆಯ ಎರಡೂ ಕಡೆ ರಾಗಿ ಹೊಲ, ನಡುವೆ ಅಲ್ಲೊಂದು ಇಲ್ಲೊಂದು ತಗಡಿನ ಮಾಡು. ನಮ್ಮದು ಬೀಟೆ ಮರದ ಮೇಜು, ಕುರ್ಚಿ, ಬೀರು ಮಾಡಿ ಮೈಮೇಲೆ ದಂತದ ಕುಸುರಿ ಕೂರಿಸುವ ಜಾಗ. ನಾನು ಕಾಗದದ ಮೇಲೆ ಬಳ್ಳಿ, ನವಿಲು, ಆನೆ ಬರೆದು ಕೊಡುವುದು, ಕುಸುರಿಯವರು ಅದನ್ನು ಮರಕ್ಕೆ ಅಂಟಿಸಿ ಕೊರೆದು ದಂತ ತುಂಬುವುದು, ಬಡಗಿಗಳು ಜೋಡಿಸುವುದು, ಕೊನೆಗೆ ಪಾಲಿಶ್ ಶೆಡ್ಡಿನಲ್ಲಿ ಉಪ್ಪುಕಾಗದ ಹಾಕಿ ಉಜ್ಜಿ ಎಣ್ಣೆ, ಅರಗು ಬಳಿಯುವುದು. ಕೆಲಸ ನೋಡಿದರೆ ಕಣ್ಣು ತಂಪಾಗುತ್ತಿತ್ತು. ಆದರೆ ಹೇಳಿದ ದಿನಕ್ಕೆ ಒಂದು ಸಾಮಾನೂ ಆಚೆ ಹೋಗುತ್ತಿರಲಿಲ್ಲ. ಮದುವೆಗೆಂದು ಹೇಳಿದ ಮಂಚ ಮಗುವಿನ ನಾಮಕರಣಕ್ಕೆ ತಲುಪಿತು ಅಂತ ಊರೆಲ್ಲ ನಗುತ್ತಿತ್ತು. ಯಜಮಾನರಿಗೆ ವಯಸ್ಸಾಗಿತ್ತು. ಬಂದ ಕೆಲಸಗಳು ಒಂದೊಂದೇ ಬೆಂಗಳೂರಿನ ಕಡೆ ತಿರುಗುತ್ತಿದ್ದವು. ಇನ್ನೊಂದು ವರ್ಷ ಹೀಗೇ ಆದರೆ ಬಾಗಿಲು ಹಾಕುವುದೇ ಸರಿ ಎಂದು ಅವರು ಬಹಿರಂಗವಾಗಿಯೇ ಹೇಳಿದ್ದರು.

ಆಷಾಢದಲ್ಲಿ ಯಾರೂ ಹೊಸ ಕೆಲಸ ಶುರುಮಾಡುವುದಿಲ್ಲ. ರಾಜಶೇಖರಪ್ಪನವರು ಆಷಾಢದಲ್ಲೇ ಬಂದರು. ಯಜಮಾನರ ತಂಗಿಯ ಮಗ, ಎಂಜಿನಿಯರಿಂಗ್ ಓದಿ ಬೊಂಬಾಯಿಯ ಗಿರಣಿಯೊಂದರಲ್ಲಿ ಪಳಗಿದವರು. ಮೂವತ್ತು ದಾಟಿರಲಿಲ್ಲ. ಹಣೆಯ ಮೇಲೆ ಸಣ್ಣಗೆ ವಿಭೂತಿ, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಯಾವಾಗಲೂ ಒಂದು ಸೀಮೆಸುಣ್ಣದ ಕಡ್ಡಿ. ಬಾಗಿಲು ಕಾಯುವ ಗೌಸ್ ಸಾಬರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರನ್ನೂ 'ನೀವು' ಎನ್ನುತ್ತಿದ್ದರು. ನಮ್ಮವರಿಗೆ ಮೊದಲು ಅದೇ ಭಯ ಹುಟ್ಟಿಸಿತು. ಬೈಯುವ ಯಜಮಾನನ ಮನಸ್ಸು ಗೊತ್ತಾಗುತ್ತದೆ, ಮರ್ಯಾದೆ ಕೊಡುವವನದ್ದು ಹೇಗೆ ಗೊತ್ತಾಗಬೇಕು?

ಬಂದ ವಾರವೇ ಎಲ್ಲರನ್ನೂ ಅಂಗಳದಲ್ಲಿ ಕೂರಿಸಿ ಮಾತಾಡಿದರು. "ಗಿರಾಕಿ ದುಡ್ಡು ಕೊಡೋದು ಮೇಜಿಗೆ. ನೀವು ಉಳಿಗಾಗಿ ಹುಡುಕಾಡಿದ್ದಕ್ಕಲ್ಲ, ಮರ ಬರಲಿ ಅಂತ ಕೂತಿದ್ದಕ್ಕಲ್ಲ. ಕಾಯೋದು ದಂಡ. ಸುಮ್ಮನೆ ಓಡಾಡೋದು ದಂಡ. ಎತ್ತಿದ್ದನ್ನೇ ಎತ್ತಿ ಇನ್ನೊಂದು ಕಡೆ ಇಡೋದು ದಂಡ. ಯಾರೂ ಕೇಳದೇ ಇರೋದನ್ನ ಮಾಡಿ ಪೇರಿಸಿ ಇಡೋದು ದಂಡ. ತಪ್ಪು ಮಾಡಿ ತಿದ್ದೋದು ದಂಡ. ಇಷ್ಟನ್ನ ತೆಗೆದುಬಿಟ್ಟರೆ ಉಳಿಯೋದೇ ಕೆಲಸ."

ಬಡಗಿಗಳ ಮೇಸ್ತ್ರಿ ಮರಿಯಪ್ಪ ನನ್ನ ಕಿವಿಯ ಹತ್ತಿರ, "ಉಸ್ರಾಡೋದು ದಂಡ ಅನ್ನಲಿಲ್ಲವಲ್ಲ, ಪುಣ್ಯಾತ್ಮ," ಅಂದ. ಅವತ್ತೇ ಅವರಿಗೆ ದಂಡಪ್ಪ ಎಂಬ ಹೆಸರು ಬಿತ್ತು.

ನಾನು ಹುಟ್ಟಾ ಸಿಡುಕ, ಹೊಸಬರನ್ನು ಕಂಡರೆ ಮುಖ ತಿರುಗಿಸುವವನು. ಆದರೂ ಈ ಮನುಷ್ಯ ನನಗೆ ಹಿಡಿಸಿದರು. ಯಾಕೆಂದರೆ ಅವರು ಏನನ್ನೂ ಕೇಳದೆ ತೆಗೆಯುತ್ತಿರಲಿಲ್ಲ. 'ಯಾಕೆ' ಎನ್ನುವುದು ಅವರ ಬಾಯಿಪಾಠ. ಒಂದು ಸಲ ಕೇಳಿ ಬಿಡುವ ಯಾಕೆ ಅಲ್ಲ, ಬಂದ ಉತ್ತರದ ಬೆನ್ನು ಹತ್ತಿ ಮತ್ತೆ ಯಾಕೆ, ಅದಕ್ಕೆ ಮತ್ತೆ ಯಾಕೆ. ನನ್ನ ನಕ್ಷೆಗಳು ಕುಸುರಿಯವರ ಕೈಗೆ ತಡವಾಗಿ ಸೇರುತ್ತವೆ ಎಂದಾಗ ಹೀಗೇ ಕೇಳುತ್ತ ಹೋದರು. ಕೊನೆಗೆ ತಪ್ಪು ನನ್ನದೂ ಅಲ್ಲ, ಕುಸುರಿಯವರದೂ ಅಲ್ಲ, ನಮ್ಮಿಬ್ಬರ ನಡುವೆ ಇದ್ದ ಬೀಗ ಹಾಕಿದ ಆಫೀಸು ಕೋಣೆಯದು ಎಂದು ತಿಳಿಯಿತು. ಮಾರನೇ ದಿನ ನನ್ನ ಮೇಜು ಕುಸುರಿಯವರ ಪಕ್ಕಕ್ಕೆ ಬಂತು. ಶ್ರಾವಣ ಮುಗಿಯುವಷ್ಟರಲ್ಲಿ ಬೀರುಗಳು ಹೇಳಿದ ದಿನಕ್ಕೆ ಗೇಟು ದಾಟತೊಡಗಿದವು. ದಿಲ್ಲಿಯ ಒಂದು ದೊಡ್ಡ ಬಂಗಲೆಗೆ ಊಟದ ಮೇಜು, ಕುರ್ಚಿ, ಬೀರುಗಳ ಭಾರಿ ಕೆಲಸ ಬಂತು. ವಿಜಯದಶಮಿ ಕಳೆದ ಮೇಲೆ ರೈಲಿಗೆ ಹಾಕುವುದೆಂದು ಮಾತು. ಅದೊಂದು ನೆಟ್ಟಗೆ ಮುಟ್ಟಿದರೆ ಕಾರ್ಖಾನೆ ಉಳಿದ ಹಾಗೆ.

ಆದರೆ ಆ ಸೀಮೆಸುಣ್ಣ ಇತ್ತಲ್ಲ, ಅದು ಯಾರಿಗೂ ನೆಮ್ಮದಿ ಕೊಡಲಿಲ್ಲ. ಬಹಳ ದಿನದಿಂದ ಯಾರೂ ಮುಟ್ಟದ ಸಾಮಾನು ಕಂಡರೆ ಅದರ ಮೇಲೆ ಒಂದು ಕತ್ತರಿ ಗುರುತು ಬೀಳುತ್ತಿತ್ತು. ಶನಿವಾರದೊಳಗೆ ಯಾರೂ ಬಂದು ಬೇಕು ಅನ್ನದಿದ್ದರೆ ಸೋಮವಾರ ಅದು ಇರುತ್ತಿರಲಿಲ್ಲ. ಕೈ ಮುರಿದ ಕುರ್ಚಿ, ಸತ್ತುಹೋದ ಬಡಗಿಯೊಬ್ಬನ ಕೈಬಾಚಿ, ಹಳೆ ಅಂಟಿನ ಮಡಕೆ ಎಲ್ಲ ಹೋದವು. ಬೆಳಿಗ್ಗೆ ಬಂದವರು ಮೊದಲು ಕೆಲಸ ನೋಡುತ್ತಿರಲಿಲ್ಲ. ಎಲ್ಲೆಲ್ಲಿ ಬಿಳಿ ಗುರುತು ಬಿದ್ದಿದೆ ಎಂದು ನೋಡುತ್ತಿದ್ದರು. ಒಂದು ದಿನ ಯಾರೋ ತುಂಟರು, ಊಟ ಮಾಡಿ ಮಗ್ಗುಲಾಗಿ ಮಲಗಿದ್ದ ಮರಿಯಪ್ಪನ ಅಂಗಿಯ ಬೆನ್ನಿಗೆ ಕತ್ತರಿ ಗುರುತು ಬರೆದುಬಿಟ್ಟರು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಮರಿಯಪ್ಪ ಅಂಗಿ ಬಿಚ್ಚಿ ನೋಡಿದವನು ನಗಲಿಲ್ಲ. ಅದನ್ನು ಹಿಡಿದುಕೊಂಡೇ ಸೀದಾ ಆಫೀಸಿಗೆ ಹೋಗಿ, "ಸೋಮವಾರದಿಂದ ಬರೋದು ಬ್ಯಾಡ್ವಾ ಸ್ವಾಮಿ?" ಎಂದು ಕೇಳಿದ. ರಾಜಶೇಖರಪ್ಪನವರ ಮುಖ ಕಪ್ಪಿಟ್ಟಿತು. ಮನುಷ್ಯರ ಮೇಲೆ ಯಾವತ್ತೂ ಬರೆಯುವುದಿಲ್ಲ ಅಂತ ಆಣೆ ಮಾಡಿ ಹೇಳಿದರು. ಮರಿಯಪ್ಪ ಮಾತ್ರ ಆಮೇಲೆ ಕಾರ್ಖಾನೆಯಲ್ಲಿ ಮಲಗಲೇ ಇಲ್ಲ.

ಇನ್ನು ಸಿದ್ದಮ್ಮನ ಮಾತು. ಆಕೆಯ ಗಂಡ ಪಾಲಿಶ್ ಶೆಡ್ಡಿನಲ್ಲಿ ದುಡಿದು ಸತ್ತಿದ್ದ; ಯಜಮಾನರು ಆಕೆಯನ್ನು ಚಿಲ್ಲರೆ ಕೆಲಸಕ್ಕೆ ಇಟ್ಟುಕೊಂಡಿದ್ದರು. ಬ್ರಷ್ಷು ತೊಳೆಯುವುದು, ಅರಗು ಸೋಸುವುದು. ಅದೆಲ್ಲಕ್ಕಿಂತ ದೊಡ್ಡ ಕೆಲಸ ಸಂಜೆಯದು. ದಿನವೆಲ್ಲ ಬಳಸಿದ ಎಣ್ಣೆ ಬಟ್ಟೆಗಳನ್ನು ಒಂದು ಬಿದಿರು ಕುಕ್ಕೆಯಲ್ಲಿ ತುಂಬಿಕೊಂಡು, ಮರದ ದಾಸ್ತಾನು ಸುತ್ತಿ, ಕಾಂಪೌಂಡಿನ ಮೂಲೆಯ ಹುಣಸೆಮರಕ್ಕೆ ಕಟ್ಟಿದ್ದ ತಂತಿಯ ಮೇಲೆ ಒಂದೊಂದನ್ನೂ ಬಿಡಿಬಿಡಿಯಾಗಿ ಹರವುವಳು. ಬೆಳಿಗ್ಗೆ ಮತ್ತೆ ಕುಕ್ಕೆಗೆ ತುಂಬಿಕೊಂಡು ಬರುವಳು. ಒಣಗಿದ ಬಟ್ಟೆ ಹಪ್ಪಳದಷ್ಟು ಗಟ್ಟಿಯಾಗಿರುತ್ತಿತ್ತು, ಅರ್ಧಕ್ಕರ್ಧ ಎಸೆಯಬೇಕು. ಅಂದರೆ ನಡೆದದ್ದು ದಂಡ, ಎತ್ತಿಟ್ಟದ್ದು ದಂಡ, ಬಟ್ಟೆಯೂ ದಂಡ. ರಾಜಶೇಖರಪ್ಪನವರ ಕಣ್ಣಿಗೆ ಅದು ಬೀಳದೆ ಇರುವುದು ಸಾಧ್ಯವೇ ಇರಲಿಲ್ಲ.

ಭಾದ್ರಪದದ ಒಂದು ಸಂಜೆ ಅವರು ತಂತಿಯ ಪಕ್ಕ ನಿಂತು ಕೇಳಿದರು. ನಾನೂ ಜೊತೆಗಿದ್ದೆ.

"ಇದನ್ನ ಯಾಕೆ ಇಲ್ಲಿ ಹರವ್ತೀರಿ ಸಿದ್ದಮ್ಮ?"

"ಮುದ್ದೆ ಕಟ್ಟಿಕ್ಬಾರ್ದು ಬುದ್ದಿ."

"ಯಾಕೆ?"

"ಎಣ್ಣೆ ಬಟ್ಟೆ ಮುದ್ದೆ ಕಟ್ಟೋದು ಪಂಜಿಗೆ. ಹೆಣದ ಮುಂದೆ ಇಡಿಯೋ ಪಂಜಿಗೆ. ಅಂಗೆ ಕಟ್ಟಿ ಒಳಗಿಕ್ಕಿದ್ರೆ ಸಾವು ಬತ್ತದೆ."

"ಯಾರು ಹೇಳಿದ್ದು?"

"ನಮ್ಮನೆಯೋರು ಯೋಳೋರು. ಅವ್ರಿಗೆ ಅವರ ಮೇಸ್ತ್ರಿ ಯೋಳಿದ್ರಂತೆ."

"ಆ ಮೇಸ್ತ್ರಿ ಯಾಕೆ ಹೇಳಿದ್ರು?"

ಸಿದ್ದಮ್ಮ ಕೈಯಲ್ಲಿದ್ದ ತುಂಡನ್ನು ತಂತಿಗೆ ಹಾಕಿ, "ನಂಗೆ ಎಂಗೆ ಗೊತ್ತಾಗ್ಬೇಕು ಬುದ್ದಿ, ಅವ್ರು ಸತ್ತು ಯಾವ ಕಾಲವಾಯ್ತು," ಅಂದಳು.

ಅಲ್ಲಿಗೆ ಯಾಕೆ ಎನ್ನುವುದು ನಿಂತಿತು. ರಾಜಶೇಖರಪ್ಪನವರು ಅಷ್ಟಕ್ಕೇ ಬಿಡದೆ ಶೆಡ್ಡಿನಲ್ಲಿದ್ದ ಪ್ರತಿಯೊಬ್ಬರನ್ನೂ ಕೇಳಿದರು. ಎಲ್ಲರೂ ಪಂಜು, ಹೆಣ, ಸಾವು ಅಂದರೇ ಹೊರತು ಅದರಾಚೆಗೆ ಒಬ್ಬರಿಗೂ ಒಂದು ಮಾತು ಗೊತ್ತಿರಲಿಲ್ಲ. ನನ್ನನ್ನು ಕೇಳಿದಾಗ ನಾನೂ ತಲೆ ಅಲ್ಲಾಡಿಸಿದೆ. ಮಾರನೇ ದಿನ ಬಿದಿರು ಕುಕ್ಕೆಯ ಮೇಲೆ ಕತ್ತರಿ ಗುರುತು ಬಿತ್ತು. ಶೆಡ್ಡಿನ ಗೋಡೆಗೆ ಒಂದು ಗೋಣಿಚೀಲ ನೇತುಬಿತ್ತು. ಬಳಸಿದ ಬಟ್ಟೆ ಅದರೊಳಗೆ, ಬೆಳಿಗ್ಗೆ ಮತ್ತೆ ಅದರಿಂದಲೇ ಆಚೆಗೆ. ಬಟ್ಟೆ ಮೆತ್ತಗೇ ಉಳಿಯುತ್ತಿತ್ತು, ಎಣ್ಣೆಯೂ ಕಡಿಮೆ ಸಾಕಾಗುತ್ತಿತ್ತು. ಸಿದ್ದಮ್ಮನಿಗೆ ಹಬ್ಬ ಮುಗಿಯುವವರೆಗೆ ಇರಿ, ಆಮೇಲೆ ನೋಡೋಣ ಅಂದರು. ಆಮೇಲೆ ನೋಡೋಣ ಎಂದರೆ ಏನೆಂದು ನಮ್ಮ ಊರಿನಲ್ಲಿ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ.

ಆ ವರ್ಷ ಮಳೆಗೆ ಏನೋ ಆಗಿತ್ತು. ಉತ್ತರೆ ಹೇಗೋ ಹನಿಸಿ ಹೋಯಿತು, ಹಸ್ತ ಬರಲೇ ಇಲ್ಲ. ದಸರೆ ಹತ್ತಿರ ಬಂದರೂ ಬೇಸಿಗೆಯ ಹಾಗೆ ಧಗೆ. ಮರದ ಪುಡಿ ಗಾಳಿಯಲ್ಲಿ ನಿಂತೇ ಇರುತ್ತಿತ್ತು, ಮೂಗೊರೆಸಿಕೊಂಡರೆ ಕರವಸ್ತ್ರ ಕೆಂಪಾಗುತ್ತಿತ್ತು. ಹುಣಸೆಮರದ ಖಾಲಿ ತಂತಿಯ ಮೇಲೆ ಕಾಗೆಗಳು ಬಂದು ಕೂರತೊಡಗಿದವು. ಸಂಜೆ ಹೊತ್ತು ಸಿದ್ದಮ್ಮ ಅಭ್ಯಾಸಬಲದಿಂದ ಎದ್ದು ಮರದವರೆಗೂ ಬರಿಗೈಲಿ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ನಿಂತು, ವಾಪಸು ಬರುವಳು. ನನಗೆ ಅದನ್ನು ನೋಡುವುದಕ್ಕೆ ಆಗುತ್ತಿರಲಿಲ್ಲ. ಕಾಗದದ ಮೇಲೆ ತಲೆ ಬಗ್ಗಿಸಿಬಿಡುತ್ತಿದ್ದೆ.

ಆಯುಧಪೂಜೆ ಬಂತು. ಕಾರ್ಖಾನೆಯವರಿಗೆ ಅದೇ ಯುಗಾದಿ, ಅದೇ ದೀಪಾವಳಿ. ಉಳಿ, ಗರಗಸ, ಬಾಚಿ, ಸುತ್ತಿಗೆ ಎಲ್ಲವನ್ನೂ ಉಜ್ಜಿ, ಹಿಡಿಗಳಿಗೆ ಎಣ್ಣೆ ಸವರಿ, ಬಡಗಿಗಳ ಕೊಟ್ಟಿಗೆಯಲ್ಲಿ ಸಾಲಾಗಿ ಇಟ್ಟು ಅರಿಶಿನ ಕುಂಕುಮ ಹಚ್ಚುವುದು. ಆ ವರ್ಷ ದಿಲ್ಲಿಯ ಸಾಮಾನೂ ಮುಗಿದು ಪಾಲಿಶ್ ಶೆಡ್ಡಿನಲ್ಲಿ ನಿಂತಿತ್ತು. ಪೂಜೆಗೆ ಅದೂ ಲಕಲಕ ಅನ್ನಲಿ ಎಂದು ಬೆಳಗಿನಿಂದ ಎಲ್ಲರೂ ಸೇರಿ ಕೊನೆಯ ಕೈ ಎಣ್ಣೆ ಉಜ್ಜಿದೆವು. ದಿನವೂ ಒಂದು ಹಿಡಿ ಬಟ್ಟೆ ಆಗುತ್ತಿದ್ದಲ್ಲಿ ಅವತ್ತು ಒಂದು ಮೂಟೆ ಆಯಿತು. ಅಷ್ಟನ್ನೂ ಗೋಣಿಚೀಲಕ್ಕೆ ಒತ್ತಿ ಒತ್ತಿ ತುಂಬಿ, ಬಾಯಿ ಕಟ್ಟಿ, ಶೆಡ್ಡಿನ ಬಾಗಿಲ ಪಕ್ಕದ ಮೂಲೆಗೆ ದಬ್ಬಿದರು.

ಸಿದ್ದಮ್ಮ ತನ್ನ ಕುಕ್ಕೆಯನ್ನು ತಂದು ಆಯುಧಗಳ ಸಾಲಿನ ತುದಿಗೆ ಇಟ್ಟಳು. ರಾಜಶೇಖರಪ್ಪನವರು ಮೆಲ್ಲಗೆ, "ಅದು ಗುಜರಿಗೆ ಹೋಗೋ ಸಾಮಾನು ಸಿದ್ದಮ್ಮ, ಪೂಜೆಗೆ ಬೇಡ," ಅಂದರು. ಗದರಲಿಲ್ಲ. ಗದರಿದ್ದರೇ ಚೆನ್ನಾಗಿತ್ತೋ ಏನೋ.

ಆಕೆ ಕುಕ್ಕೆಯನ್ನು ಎತ್ತಿಕೊಂಡಳು. ಎಲ್ಲರ ಎದುರಿಗೆ, ಪೂಜೆಯ ಹೊತ್ತಿನಲ್ಲಿ, ದನಿ ಎತ್ತಿ ಹೇಳಿದಳು: "ನನ್ನ ಕುಕ್ಕೆ ಬ್ಯಾಡ, ಎಣದ ಮುಂದ್ಲ ಪಂಜು ಕಟ್ಟಿ ಒಳಗಿಕ್ಕೋದು ಆಯ್ತದಾ? ಒಳ್ಳೇದಾಗಕಿಲ್ಲ ಬುದ್ದಿ. ಈ ಮನೆಗೆ ಒಳ್ಳೇದಾಗಕಿಲ್ಲ."

ಯಜಮಾನರು ಪೂಜೆಯ ಗಂಟೆಯನ್ನು ಜೋರಾಗಿ ಬಾರಿಸಿ ಮಂಗಳಾರತಿ ಎತ್ತಿದರು. ಆಮೇಲೆ ಕಡಲೆಪುರಿ, ಬೂಂದಿ ಹಂಚಿದರು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಬಾಗಿಲಿಗೂ ಬೀಗ ಬಿತ್ತು.

ಆ ಸಂಜೆ ನಾನು ಕಾರ್ಖಾನೆಯಲ್ಲೇ ಮರೆತಿದ್ದ ಊಟದ ಡಬ್ಬಿ ತರಲು ಸೈಕಲ್ ಹತ್ತಿ ಹೊರಟಿದ್ದೆ. ಪೇಟೆಯಲ್ಲೆಲ್ಲ ದೀಪ ಹತ್ತಿತ್ತು, ಜನವೆಲ್ಲ ಅರಮನೆ ಕಡೆ ಹರಿಯುತ್ತಿತ್ತು. ನಾನೊಬ್ಬ ಎದುರು ದಿಕ್ಕಿಗೆ. ಊರು ದಾಟಿದ ಮೇಲೆ ಸೂರ್ಯ ಮುಳುಗಿದ ಕಡೆ ಕೆಂಪು ಉಳಿದಿತ್ತು. ಸ್ವಲ್ಪ ದೂರ ಹೋದ ಮೇಲೆ ಆ ಕೆಂಪು ಸೂರ್ಯನದ್ದಲ್ಲ ಎಂದು ಗೊತ್ತಾಯಿತು. ಗೌಸ್ ಸಾಬರು ರಸ್ತೆಯಲ್ಲಿ ಬರಿಗಾಲಲ್ಲಿ ಓಡಿಬರುತ್ತಿದ್ದರು. ನಾವು ತಲುಪುವ ಹೊತ್ತಿಗೆ ಪಾಲಿಶ್ ಶೆಡ್ಡಿನ ಮಾಡು ಕುಸಿದಿತ್ತು. ಅರಗಿನ ಡಬ್ಬಿಗಳು ಒಂದೊಂದಾಗಿ ಸಿಡಿಯುತ್ತಿದ್ದವು. ಹಳ್ಳಿಯವರು ಬಾವಿಯಿಂದ ನೀರು ಸೇದಿ ಸೇದಿ ಮರದ ದಾಸ್ತಾನನ್ನೂ ಬಡಗಿಗಳ ಕೊಟ್ಟಿಗೆಯನ್ನೂ ಉಳಿಸಿಕೊಟ್ಟರು. ದಿಲ್ಲಿಯ ಸಾಮಾನಿನಲ್ಲಿ ಒಂದು ಕಾಲೂ ಉಳಿಯಲಿಲ್ಲ. ನಾನು ಬರೆದ ನವಿಲುಗಳು ಬೀರುವಿನ ಬಾಗಿಲ ಮೇಲೆ ಕಪ್ಪಾಗುವುದನ್ನು ನೋಡಿದೆ.

ಮಾರನೇ ದಿನ ಊರೆಲ್ಲ ವಿಜಯದಶಮಿ. ಮೇಟಗಳ್ಳಿಯಲ್ಲಿ ಪೊಲೀಸರು. ಬೀಗ ಹಾಕಿದ ಶೆಡ್ಡು, ಒಳಗೆ ದೀಪವಿಲ್ಲ, ಒಲೆಯಿಲ್ಲ, ಕರೆಂಟು ಆ ಶೆಡ್ಡಿಗೆ ಇನ್ನೂ ಬಂದೇ ಇರಲಿಲ್ಲ. ಬೆಂಕಿ ಎಲ್ಲಿಂದ ಬಂತು? ಯಾರೋ ಹಚ್ಚಿರಬೇಕು. ಯಾರು? ಹಿಂದಿನ ದಿನದ ಮಾತು ಎಲ್ಲರ ಕಿವಿಯಲ್ಲೂ ಇತ್ತು. ಜೊತೆಗೆ ಹೊಲದಲ್ಲಿದ್ದ ಒಬ್ಬ, ಬೀಗ ಬಿದ್ದ ಮೇಲೆ ಸಿದ್ದಮ್ಮ ಶೆಡ್ಡಿನ ಹಿಂದಿನ ಮೂಲೆಯಲ್ಲಿ, ಕಾಂಪೌಂಡ್ ಗೋಡೆಯಾಚೆ ಕರ್ಪೂರ ಹಚ್ಚುತ್ತಿದ್ದುದನ್ನು ಕಂಡೆ ಎಂದ. ಅದು ನಿಜವೇ. ಒಳಗೆ ಪೂಜೆ ಸಿಗದ ಕುಕ್ಕೆಗೆ ಆಕೆ ಗೋಡೆಯಾಚೆ ಚಾಚಿದ್ದ ಹುಣಸೆಮರದ ನೆರಳಿನಲ್ಲಿ ತಾನೇ ಕುಂಕುಮವಿಟ್ಟು ಆರತಿ ಬೆಳಗಿದ್ದಳು. ಕತ್ತರಿ ಗುರುತಿನ ಮೇಲೆಯೇ ಕುಂಕುಮ. ಕುಕ್ಕೆಯೂ ಸಿಕ್ಕಿತು, ಕರ್ಪೂರದ ಮಸಿಯೂ ಸಿಕ್ಕಿತು. ಠಾಣೆಗೆ ಕರೆದುಕೊಂಡು ಹೋದರು.

ನಾನೂ ಮರಿಯಪ್ಪನೂ ಠಾಣೆಗೆ ಹೋದೆವು. ಸಿದ್ದಮ್ಮ ಬೆಂಚಿನ ಪಕ್ಕ ನೆಲದ ಮೇಲೆ ಕೂತಿದ್ದಳು. ಮರಿಯಪ್ಪ, "ನೀನು ಹಚ್ಚಿಲ್ಲ ಅಂತ ಗಟ್ಟಿಯಾಗಿ ಯೋಳ್ಬುಡು ಕಣಮ್ಮ," ಅಂದ.

ಆಕೆ ತಲೆ ಎತ್ತದೆ, "ಕೈಲಿ ಅಚ್ಚಿಲ್ಲ ಕಣಣ್ಣ. ಬಾಯಲ್ಲಿ ಅಚ್ಬುಟ್ನೇನೋ. ಅಂಥ ಮಾತು ಆಡಬಾರದಿತ್ತು, ಪೂಜೆ ವತ್ತಿನಲ್ಲಿ," ಅಂದಳು.

ಪೊಲೀಸರ ಮುಂದೆ ಇದನ್ನೇ ಹೇಳಿದರೆ ಮುಗಿಯಿತು. ಈಕೆ ಮಾಡದ ತಪ್ಪನ್ನು ತಾನೇ ಹೊರಲು ತಯಾರಾಗಿದ್ದಾಳೆ, ಇವಳನ್ನು ಬಿಡಿಸುವವರು ಯಾರು?

ಬಂದು ರಾಜಶೇಖರಪ್ಪನವರಿಗೆ ಹೇಳಿದೆ. ಅವರು ಬೂದಿಯ ನಡುವೆ ನಿಂತಿದ್ದರು. ಎರಡು ದಿನ ಗಡ್ಡ ಕೆರೆದಿರಲಿಲ್ಲ. ನನ್ನ ಮಾತು ಕೇಳಿ ಗೌಸ್ ಸಾಬರನ್ನು ಕರೆದು, ಬೀಗ ಹಾಕುವಾಗ ಏನೇನು ಕಂಡಿರಿ, ಏನೇನು ಮುಟ್ಟಿದಿರಿ ಎಂದು ಮೊದಲಿನಿಂದ ಕೇಳಿದರು. ಸಾಬರು ಎಲ್ಲ ಹೇಳಿ, ಕೊನೆಗೆ, "ಬಟ್ಟೆ ಮೂಟೆ ಬಾಗಿಲಿಗೆ ಅಡ್ಡ ಇತ್ತು ಸಾರ್, ಅತ್ಲಾಗೆ ಸರಿಸ್ದೆ. ಬೆಚ್ಚಗಿತ್ತು," ಅಂದರು.

"ಬೆಚ್ಚಗೆ ಅಂದರೆ?"

"ಮಗು ಮಲಗಿ ಎದ್ದೋದ ಹಾಸಿಗೆ ಇರ್ತದಲ್ಲ, ಹಂಗೆ. ಬಿಸಿಲು ಬಿದ್ದಿರಬೇಕು ಅಂದ್ಕೊಂಡೆ."

ರಾಜಶೇಖರಪ್ಪನವರು ಸುಟ್ಟ ಗೋಡೆಯ ಕಡೆ ನೋಡಿದರು. ಮೂಟೆಯಿದ್ದ ಮೂಲೆಗೆ ಕಿಟಕಿಯೂ ಇರಲಿಲ್ಲ, ಬಿಸಿಲು ಬೀಳುವಂತೆಯೂ ಇರಲಿಲ್ಲ. "ಯಾಕೆ ಬೆಚ್ಚಗಿತ್ತು?" ಎಂದು ತಮ್ಮನ್ನೇ ಕೇಳಿಕೊಂಡರು. ಆಮೇಲೆ ತಲೆ ಎತ್ತಿ ಹುಣಸೆಮರದ ಖಾಲಿ ತಂತಿಯ ಕಡೆ ತಿರುಗಿದರು. ಅವರ ಮುಖದಲ್ಲಿ ಆಗ ಕಂಡದ್ದನ್ನು ನಾನು ಮತ್ತೆ ಯಾರ ಮುಖದಲ್ಲೂ ಕಂಡಿಲ್ಲ.

ಸಬ್ ಇನ್ಸ್‌ಪೆಕ್ಟರನ್ನು ಅವರೇ ಹೋಗಿ ಕಾಡಿ ಬೇಡಿ ಕರೆತಂದರು. "ತಾನಾಗಿ ಹೊತ್ತಿಕೊಳ್ತು ಅಂತೀರಾ? ಬಟ್ಟೆ ಏನು ಸೂರ್ಯನಾರಾಯಣನಾ?" ಎಂದು ಆತ ನಕ್ಕ. ಆದರೂ ದೊಡ್ಡ ಮನೆಯವರ ಮಾತು, ಒಂದು ದಿನ, ಸಂಜೆಯವರೆಗೆ ಮಾತ್ರ ಎಂದು ಒಪ್ಪಿದ. ಸಿದ್ದಮ್ಮನನ್ನೂ ಕಾನ್ಸ್‌ಟೇಬಲ್ ಜೊತೆ ಕರೆಸಿದರು. ಬೆಳಿಗ್ಗೆ ಎಲ್ಲರ ಎದುರಿಗೆ ರಾಜಶೇಖರಪ್ಪನವರು ತಮ್ಮ ಕೈಯಾರೆ ಬಟ್ಟೆಗಳನ್ನು ಅದೇ ಎಣ್ಣೆಯಲ್ಲಿ ಅದ್ದಿ, ಹಿಂಡಿ, ಒಂದು ಗೋಣಿಚೀಲಕ್ಕೆ ಒತ್ತಿ ತುಂಬಿ, ಬಾಯಿ ಕಟ್ಟಿ, ಬಡಗಿಗಳ ಕೊಟ್ಟಿಗೆಯ ಮುಂದಿನ ಕಲ್ಲು ಜಗುಲಿಯ ಮೇಲೆ ಇಟ್ಟರು. ಪಕ್ಕದಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂತರು.

ಆಮೇಲೆ ಏನೂ ಆಗಲಿಲ್ಲ. ಹೊತ್ತು ಏರಿತು. ಮೂಟೆ ಮೂಟೆಯ ಹಾಗೇ ಬಿದ್ದಿತ್ತು. ಕೆಲಸವಿಲ್ಲದ ಜನ ಸುತ್ತಲೂ ಕುಕ್ಕರುಗಾಲಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡರು. ಯಾರೋ ಹಿಂದಿನಿಂದ, "ಕಾಯೋದು ದಂಡ ಕಣ್ರಪ್ಪೋ," ಅಂದರು, ಒಂದಿಬ್ಬರು ಕಿಸಕ್ಕೆಂದರು. ರಾಜಶೇಖರಪ್ಪನವರು ತಿರುಗಿ ನೋಡಲಿಲ್ಲ. ಕಾಲು ಚಾಚಿಕೊಳ್ಳಲಿಲ್ಲ, ನೀರು ಕುಡಿಯಲಿಲ್ಲ. ಯಾರೂ ಎಲ್ಲೂ ಸುಮ್ಮನೆ ಕೂರುವುದನ್ನು ಸಹಿಸದಿದ್ದ ಮನುಷ್ಯ ಒಂದು ಎಣ್ಣೆ ಬಟ್ಟೆಯ ಗಂಟನ್ನು ನೋಡುತ್ತ ಕೂತಿದ್ದರು. ಮಧ್ಯಾಹ್ನ ದಕ್ಷಿಣದ ಕಡೆ ಮೋಡ ಕಟ್ಟಿತು. ಹಸ್ತದಲ್ಲಿ ಬಾರದ ಮಳೆ ಚಿತ್ತೆಯಲ್ಲಿ, ಅದೂ ಈ ದಿನವೇ ಬರಬೇಕೇ ಎಂದು ನಾನು ಹಲ್ಲು ಕಡಿದೆ. ಸಿದ್ದಮ್ಮ ದೂರದಲ್ಲಿ ಹುಣಸೆಮರಕ್ಕೆ ಒರಗಿಕೊಂಡು, ಸೆರಗು ಬಾಯಿಗೆ ಹಿಡಿದು ಕೂತಿದ್ದಳು.

ಹೊತ್ತು ಇಳಿಯಿತು. ಇನ್ಸ್‌ಪೆಕ್ಟರ್ ಎದ್ದು ಟೋಪಿ ಹಾಕಿಕೊಂಡ. "ಆಯ್ತಲ್ಲ, ರಾಜಶೇಖರಪ್ಪನವರೇ. ನೀವು ಒಳ್ಳೆಯವರು. ಆದರೆ ಕಾನೂನು..."

ಗೌಸ್ ಸಾಬರು ಹೋಗಿ ಮೂಟೆಯ ಮೇಲೆ ಅಂಗೈ ಇಟ್ಟರು. ಇಟ್ಟವರು ಚಟ್ಟನೆ ಕೈ ಎಳೆದುಕೊಂಡರು.

"ಸಾರ್," ಅಂದರು. "ಈಗ ಬೆಚ್ಚಗಿಲ್ಲ. ಸುಡ್ತದೆ."

ಇನ್ಸ್‌ಪೆಕ್ಟರ್ ನಿಂತ. ಎಲ್ಲರೂ ಎದ್ದು ನಿಂತೆವು. ಗೋಣಿಯ ನೇಯ್ಗೆಯ ನಡುವಿನಿಂದ, ಊದುಬತ್ತಿಯದ್ದಷ್ಟೇ ಸಣ್ಣ ಎಳೆಯೊಂದು ಎದ್ದಿತು. ಹುರಿದ ಕಾಳಿನ ವಾಸನೆ ಬಂತು. ಆಮೇಲೆ ಕಮಟು ಹೊಗೆ. ಯಾರೂ ಮುಟ್ಟಿರಲಿಲ್ಲ, ಯಾರೂ ಹಚ್ಚಿರಲಿಲ್ಲ. ಬೆಳಗಿನಿಂದ ಅಷ್ಟೂ ಜನ ಕಣ್ಣು ಮಿಟುಕಿಸದೆ ನೋಡಿದ್ದೆವು.

"ಸಾಕು, ಗೊತ್ತಾಯ್ತು, ನೀರು ಹಾಕಿ," ಅಂದ ಇನ್ಸ್‌ಪೆಕ್ಟರ್.

"ಬೇಡ," ಅಂದರು ರಾಜಶೇಖರಪ್ಪನವರು. ಸ್ಟೂಲಿನಿಂದ ಎದ್ದಿರಲಿಲ್ಲ. "ಪೂರ್ತಿ ಹತ್ತಲಿ. ನಾಳೆ ಯಾರೂ ಬರೀ ಹೊಗೆ ಅನ್ನಬಾರದು."

ಗೋಣಿಯ ಮಗ್ಗುಲು ಕಂದಾಯಿತು, ಕಪ್ಪಾಯಿತು, ಒಳಗಿನಿಂದ ಕೆಂಪು ಕಂಡಿತು. ಆಮೇಲೆ ಒಮ್ಮೆಲೇ ಜ್ವಾಲೆ ಎದ್ದಿತು. ಅದರ ಬೆಳಕಿನಲ್ಲಿ ಅವರ ಮುಖ ನೋಡಿದೆ. ಆ ಜ್ವಾಲೆ ಸಿದ್ದಮ್ಮನನ್ನು ಬಿಡಿಸಿತು. ಶೆಡ್ಡು ಸುಟ್ಟವರು ಯಾರೆಂದು ಎಲ್ಲರಿಗೂ ತೋರಿಸಿಯೂ ಕೊಟ್ಟಿತು. ಅದು ಗೊತ್ತಿದ್ದೇ ಅವರು ಬೆಳಗಿನಿಂದ ಕೂತಿದ್ದರು.

ಸಿದ್ದಮ್ಮ ಮರದ ಹತ್ತಿರದಿಂದ ಎದ್ದು ಬಂದಳು. ಬೆಂಕಿಯ ಎದುರಿಗೆ ಬಂದು ನಿಂತವಳು, ಅದನ್ನು ನೋಡುತ್ತ ನೋಡುತ್ತ ಹಾಗೇ ಕುಸಿದು ಕೂತಳು. ಮೂರು ದಿನದಿಂದ ಒಂದು ಹನಿ ಕಣ್ಣೀರು ಹಾಕದಿದ್ದ ಹೆಂಗಸು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಗೋಳೋ ಎಂದು ಅತ್ತಳು.

"ನನ್ನ ಬಾಯಲ್ಲ... ನನ್ನ ಬಾಯಲ್ಲ ಕಣ್ರಪ್ಪಾ... ನನ್ನ ಮಾತಿಂದ ಅಲ್ಲ..."

ರಾಜಶೇಖರಪ್ಪನವರು ಆಗ ಎದ್ದರು. ಆಕೆಯ ಎದುರಿಗೆ ನೆಲದ ಮೇಲೆ, ಬೂದಿಯಲ್ಲೇ ಕೂತರು. "ನಿಮ್ಮ ಮಾತಿಂದ ಅಲ್ಲ ಸಿದ್ದಮ್ಮ, ನನ್ನ ಚೀಲದಿಂದ," ಅಂದರು. ಚಿತ್ತೆ ಮಳೆ ದಪ್ಪ ದಪ್ಪ ಹನಿಯಾಗಿ ಶುರುವಾಯಿತು, ಜನ ಸೂರಿನ ಕೆಳಗೆ ಓಡಿದರು. ಅವರಿಬ್ಬರು ಮಾತ್ರ ಸ್ವಲ್ಪ ಹೊತ್ತು ಅಲ್ಲೇ ಇದ್ದರು.

ಕಾರ್ಖಾನೆ ಮತ್ತೆ ಚೇತರಿಸಿಕೊಳ್ಳಲಿಲ್ಲ. ಸಂಕ್ರಾಂತಿ ಹೊತ್ತಿಗೆ ಯಜಮಾನರು ಬಾಗಿಲು ಹಾಕಿದರು. ಮರಿಯಪ್ಪ ತನ್ನ ಉಳಿಗಳನ್ನು ಗಂಟು ಕಟ್ಟಿಕೊಂಡು ಊರಿಗೆ ಹೋದ, ನಾನು ಡ್ರಾಯಿಂಗ್ ಮೇಷ್ಟ್ರಾದೆ. ಸಿದ್ದಮ್ಮ ನಂಜನಗೂಡಿನ ಕಡೆ ಮಗಳ ಮನೆ ಸೇರಿದಳು. ಕುಕ್ಕೆಯನ್ನು ಪೊಲೀಸರಿಂದ ಕೇಳಿ ಈಸಿಕೊಂಡೇ ಹೋದಳು. ರಾಜಶೇಖರಪ್ಪನವರು ಬೊಂಬಾಯಿಗೆ ಹೊರಟ ದಿನ ನಾನು ಸ್ಟೇಷನ್ನಿಗೆ ಹೋಗಿದ್ದೆ. ರೈಲು ಹೊರಡುವವರೆಗೂ ಅವರು ಒಂದೇ ಮಾತಿನ ಸುತ್ತ ಸುತ್ತುತ್ತಿದ್ದರು. "ಆ ಹಳೇ ಮೇಸ್ತ್ರಿಗೆ ಗ್ಯಾರಂಟಿ ಗೊತ್ತಿತ್ತು. ಬಟ್ಟೆ ತಾನಾಗಿ ಉರಿಯುತ್ತೆ ಅಂದಿದ್ದರೆ ಯಾರೂ ನಂಬ್ತಿರಲಿಲ್ಲ. ನಾನೂ ನಂಬ್ತಿರಲಿಲ್ಲ. ಸಾವು ಅಂದರು, ಎಲ್ಲರೂ ಕೇಳಿದರು. ನಾನೊಬ್ಬ ಬಂದು ಯಾಕೆ ಅಂದೆ. ಉತ್ತರ ಸಿಗಲಿಲ್ಲ ಅಂದ ಕೂಡಲೇ ಉತ್ತರವೇ ಇಲ್ಲ ಅಂದುಕೊಂಡುಬಿಟ್ಟೆ."

ಇಷ್ಟನ್ನೂ ಸೊಸೆಗೆ ಹೇಳಿ ಮುಗಿಸುವ ಹೊತ್ತಿಗೆ ಕತ್ತಲಾಗಿತ್ತು. ಆಕೆ ಎದ್ದು ಹೋಗಿ ಸ್ಟೋರ್ ರೂಮಿನ ದೀಪ ಹಾಕಿ, ಮೂಲೆಯಲ್ಲಿ ಗಟ್ಟಿ ಮುದ್ದೆಯಾಗಿ ಬಿದ್ದಿದ್ದ ಇನ್ನೊಂದು ತುಂಡನ್ನು ಹುಡುಕಿ ತಂದಳು. ಅದನ್ನು ತಂತಿಯ ಮೇಲೆ ಬಿಡಿಸಿ ಹರವುವ ಮುಂಚೆ ಅಂಗೈಯಲ್ಲಿ ಹಿಡಿದು ನೋಡಿದಳು.

"ಮಾವ," ಅಂದಳು, "ಇದು ಬೆಚ್ಚಗಿದೆ."